ಮೇಜಿಗೂ ಮೊದಲು

ಸ್ಕೂಟರು ಮಾರಿದ ಮೇಲೆ ಮೆಟ್ಟಿಲ ಕೆಳಗೆ
ಒಂಬತ್ತಡಿಗೆ ಆರಡಿ ಜಾಗ ಉಳಿಯಿತು.
ನೆಲದಲ್ಲಿ ಆಯಿಲ್ ಕಲೆ, ಗೋಡೆಗೆ ನೀರಿನ ಮೀಟರು.
ತಿಂಗಳಿಗೊಮ್ಮೆ ಬರುವ ಮೀಟರಿನವನಿಗೆ
ಒಂದು ಮಂಡಿ ಊರುವಷ್ಟು ಬಿಡಬೇಕು.
ಮಿಕ್ಕದ್ದು ನನ್ನದು.

ಕಾಮಾಕ್ಷಿಪಾಳ್ಯದ ಔಷಧಿ ಅಂಗಡಿಯಲ್ಲಿ
ಮೂವತ್ತು ವರ್ಷ ಮಾತ್ರೆ ಎಣಿಸಿದವಳು.
ಹತ್ತರ ಪಟ್ಟಿಯನ್ನು ಆರಕ್ಕೆ ಕತ್ತರಿಸಿ
ನಾಲ್ಕನ್ನು ಡಬ್ಬಕ್ಕೆ ಹಾಕಿದವಳು.
ಅಳತೆಗೆ ಹೆದರುವವಳಲ್ಲ.
ಆದರೂ ಎಸ್‌ಜೆಪಿ ರೋಡಿನಲ್ಲಿ ಕೊಂಡ ಟೇಪಿನ
ಮೂತಿಯ ಕೊಕ್ಕೆ ಲೊಡಲೊಡ ಅನ್ನುತ್ತಿತ್ತೆಂದು
ವಾಪಸು ಒಯ್ದೆ. ಭವರ್‌ಲಾಲ್ ನಕ್ಕ:
"ಅಲ್ಲಾಡಬೇಕು ಮೇಡಂ. ಒತ್ತಿ ಅಳೆದರೆ ಒಳಗೆ,
ಎಳೆದು ಅಳೆದರೆ ಹೊರಗೆ,
ತನ್ನ ದಪ್ಪದಷ್ಟು ತಾನೇ ಸರಿಯುತ್ತೆ.
ಬಿಗಿ ಮಾಡಿದರೆ ಸುಳ್ಳು ಹೇಳುತ್ತೆ."

ಭಾನುವಾರದ ಚೋರ್ ಬಜಾರಿನಲ್ಲಿ
ಸುಟ್ಟ ಮಿಕ್ಸಿ, ಒಂಟಿ ಷೂಗಳ ನಡುವೆ
ಒಂದು ಕೀಸುಳಿ. ಇನ್ಯಾರದೋ ಹೆಬ್ಬೆರಳು ಸವೆಸಿದ ಹಿಡಿ.
ನಾನೂರು ಅಂದ. ಇನ್ನೂರೈವತ್ತು ಅಂದೆ.
ಯಾರದಿತ್ತು ಅಂತ ಆ ಬೀದಿಯಲ್ಲಿ ಕೇಳಬಾರದು.
ತುಕ್ಕನ್ನು ನಿಂಬೆಹುಳಿಯಲ್ಲಿ ಇಳಿಸಿ
ಸಾಣೆಕಲ್ಲಿಗೆ ಹಿಡಿದೆ, ಅಲಗು ತಾಗಿದರೆ
ಮುಂಗೈ ರೋಮ ಬೋಳಾಗುವ ತನಕ.

ಮರ ಪೀಣ್ಯದ್ದು. ಎಲ್ಲಿಂದಲೋ ಯಂತ್ರ ಹೊತ್ತು ಬಂದ
ಪೈನ್ ಪೆಟ್ಟಿಗೆಗಳ ಹಲಗೆ, ಕಿಲೋ ಲೆಕ್ಕ.
ಮೈಮೇಲಿನ್ನೂ ಮೇಲ್ಮುಖದ ಬಾಣ, ಬಿರುಕು ಬಿಟ್ಟ ಲೋಟದ ಚಿತ್ರ.
ಹೊನ್ನೆ, ತೇಗ ಎಲ್ಲ ಕೈ ಪಳಗಿದ ಮೇಲೆ.

ಈಗ ತೊಡಕು.
ಹಲಗೆ ಕೀಸಲು ಅದನ್ನು ಹಿಡಿದಿಡುವ ಮೇಜು ಬೇಕು.
ಮೇಜು ಮಾಡಲು ಕೀಸಿದ ಹಲಗೆ ಬೇಕು.
ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.
ಮೆಟ್ಟಿಲಿಗೆ ಆನಿಸಿ, ಮಂಡಿಯಲ್ಲಿ ಅಮುಕಿ ತಳ್ಳಿದರೆ
ಹಲಗೆಯೇ ಮುಂದೆ ಓಡುತ್ತಿತ್ತು,
ಅದರ ಹಿಂದೆ ನಾನು.

ಮೂರನೇ ದಿನ ಮೇಲಿನ ಮನೆಯ ಖಮರುನ್ನೀಸಾ ಇಳಿದು ಬಂದರು.
"ಮಧ್ಯಾಹ್ನ ಕಣ್ಣು ಮುಚ್ಚೋ ಹಾಗಿಲ್ಲ, ಏನ್ರೀ ಇದು ಕರಕರ!"
ಗದರಲು ಬಂದವರು ಒಂದು ನಿಮಿಷ ನಿಂತು ನೋಡಿದರು.
"ಸರೀರಿ" ಅಂದರು. ಸೆರಗು ಸಿಕ್ಕಿಸಿ
ಹಲಗೆಯ ಮೇಲೆ ಕೂತೇಬಿಟ್ಟರು.
ಎಂಬತ್ತೆರಡು ಕಿಲೋ.
(ಅಂಗಡಿ ಮುಂದಿನ ಕಾಟಾದಲ್ಲಿ ನಾನೇ ನೋಡಿದ್ದು.)
ಯಾವ ಕ್ಲಾಂಪೂ ಅಷ್ಟು ಬಿಗಿಯಲ್ಲ,
ಅಷ್ಟು ಮಾತಾಡುವುದೂ ಇಲ್ಲ.

ಅವರ ಮಗಳ ನಾದಿನಿಯ ಕಥೆ ಇನ್ನೂ ಅರ್ಧದಲ್ಲಿರುವಾಗ
ಮೊದಲ ಸುರುಳಿ ಎದ್ದಿತು, ಎಲ್ಲೂ ಹರಿಯದೆ,
ಬೀದಿಯ ಬೆಳಕು ಆಚೆಯಿಂದ ಕಾಣುವಷ್ಟು ತೆಳ್ಳಗೆ.
ಎತ್ತಿ ಮೂಸಿದರು.
"ಅಯ್ಯೋ, ಫಿನಾಯಿಲ್ ವಾಸನೆ!"

ಮೇಜು ನಿಂತಿತು. ನಾಲ್ಕು ಕಾಲಲ್ಲಿ ಮೂರು ನೆಲ ಮುಟ್ಟಿದವು.
ಗೊಣಗುತ್ತ ನಾಲ್ಕನೆಯದನ್ನು ಕೊಯ್ಯಲು ಗರಗಸ ಹುಡುಕುವಾಗ
ಏನೋ ತೋಚಿ ರಸಮಟ್ಟವನ್ನು ನೆಲಕ್ಕಿಟ್ಟೆ.
ಗುಳ್ಳೆ ಸರ್ರನೆ ಗೋಡೆಯತ್ತ ಹೋಯಿತು.
ಹದಿನೆಂಟು ವರ್ಷ ಕಂತು ಕಟ್ಟಿದ ಮನೆ
ಚರಂಡಿ ಕಡೆಗೆ ವಾಲಿಕೊಂಡೇ ನಿಂತಿದೆ.
ನಾನು ಅದರೊಳಗೆ ನೆಟ್ಟಗೆ ಓಡಾಡಿದ್ದೇನೆ,
ಅಥವಾ ಹಾಗಂದುಕೊಂಡು.

ಗರಗಸ ಮೊಳೆಗೆ ತೂಗುಹಾಕಿದೆ.
ಅವಧಿ ಮೀರಿದ ಮಾತ್ರೆಪಟ್ಟಿ ಮಡಚಿ ಕಾಲಡಿಗೆ ಕೊಟ್ಟೆ.
ಎರಡು ಪಟ್ಟಿ ಸಾಲದು, ಮೂರು ಜಾಸ್ತಿ.
ಎರಡೂವರೆ.

ಐದನೇ ತಾರೀಕು ಮೀಟರಿನವನು ಬಂದ. ಮಂಡಿಯೂರಿ ನೋಡಿದ,
ಎದ್ದು, ಬಿಲ್ಲಿನ ಯಂತ್ರವನ್ನು ಮೇಜಿನ ಮೇಲಿಟ್ಟು
ಗುಂಡಿ ಒತ್ತಿದ. ಹೊಸದಾ, ಅಂದ.
ಅಲ್ಲಾಡಲಿಲ್ಲ ಅಂತ ಬರೆಯೋಣ ಅಂದುಕೊಂಡಿದ್ದೆ.
ಕೊಂಚ ಅಲ್ಲಾಡಿತು.